ಮರು: ಚಂದಾದಾರರ ಲೆಕ್ಕದಿಂದ ಚಿಪ್ ಮಾರಾಟ ಅಂದಾಜಿಸಬಹುದಾ?

ಭಾರತದಲ್ಲಿ ಹೊಸ ಮೊಬೈಲ್ ಚಂದಾದಾರರು ಅಷ್ಟಾಗಿ ಸೇರುತ್ತಿಲ್ಲ, ಹಾಗಾದರೆ ಫೋನ್ ಚಿಪ್ ಮಾರಾಟವೂ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಈಗ ಬಹುಪಾಲು ಹಳೇ ಫೋನ್ ಬದಲಿಸುವವರ ಕೈಯಲ್ಲಿದೆ.

60 ಕೋಟಿ ಫೋನ್ ಬಳಕೆಯಲ್ಲಿವೆ ಅಂದುಕೊಳ್ಳಿ. ನಾಲ್ಕು ವರ್ಷಕ್ಕೊಮ್ಮೆ ಬದಲಿಸಿದರೆ ವರ್ಷಕ್ಕೆ 15 ಕೋಟಿ ಫೋನ್ ಬೇಕು. ಮೂರೇ ವರ್ಷಕ್ಕೆ ಬದಲಿಸಿದರೆ 20 ಕೋಟಿ. ಒಬ್ಬ ಹೊಸ ಚಂದಾದಾರನೂ ಸೇರದೆ 5 ಕೋಟಿ ಜಾಸ್ತಿ! ಹಾಗಾಗಿ ಅಂದಾಜು ಮಾಡುವಾಗ ನಿಮ್ಮ ಗಮನ ಮುಖ್ಯವಾಗಿ ಫೋನ್ ಬದಲಿಸುವ ಈ ಅವಧಿಯ ಮೇಲೇ ಇರಲಿ.

ಟ್ರಾಯ್ (ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಕೊಡುವ ಚಂದಾದಾರರ ಅಂಕಿಯನ್ನು ಸುಮ್ನೆ ಹಾಗೇ ಹಾಕಬೇಡಿ, ಅದು ಸಿಮ್ ಲೆಕ್ಕ. ಎರಡು ಸಿಮ್ ಹಾಕಿದ ಫೋನಿಗೂ ಮುಖ್ಯ ಚಿಪ್ ಒಂದೇ ಅಲ್ವಾ? ಸೆಕೆಂಡ್ ಹ್ಯಾಂಡ್ ಕೊಂಡವರನ್ನೂ ಕಳೆಯಿರಿ, ಅವರಿಗೆ ಹೊಸ ಚಿಪ್ ಬೇಕಿಲ್ಲ.

ಫೋನ್ ತಯಾರಕರ ಬಳಿ ಉಳಿದಿರುವ ಚಿಪ್ ದಾಸ್ತಾನನ್ನೂ ನೋಡಿ. 2022ರಲ್ಲಿ ಫೋನ್ ಬೇಡಿಕೆ ಕುಸಿದಾಗ ತಯಾರಕರ ಬಳಿ ಚಿಪ್ ರಾಶಿ ಬಿದ್ದಿತ್ತು. ಅದು ಕರಗುವ ತನಕ ಚಿಪ್‌ಗಳ ಹೊಸ ಆರ್ಡರ್, ಫೋನ್ ಮಾರಾಟಕ್ಕಿಂತ ಜೋರಾಗಿ ಇಳಿಯಿತು.