ಆಸ್ಪತ್ರೆಯಲ್ಲಿ ಪ್ರಾಸ್ಥೆಟಿಸ್ಟ್-ಆರ್ಥೋಟಿಸ್ಟ್ ಕೆಲಸ ನಿಜವಾಗಿ ಹೇಗಿರುತ್ತದೆ?

ದಿನವಿಡೀ ಕೃತಕ ಕೈಕಾಲು ಮಾಡುತ್ತಾ ಕೂರುವ ಕೆಲಸವಾ, ರೋಗಿಗಳ ಜೊತೆ ಒಡನಾಟ ಇರುತ್ತದಾ, ಈ ಕೋರ್ಸ್ ಸೇರಬಹುದಾ ಎಂದು ಕೇಳಿದ್ದೀರಿ. ನಾನು ಈ ಕೆಲಸದಲ್ಲಿ 11 ವರ್ಷದಿಂದ ಇದ್ದೇನೆ. ನನ್ನ ಅನುಭವದಲ್ಲಿ ಇಲ್ಲಿ ಮಾಡುವುದಕ್ಕಿಂತ ಹೊಂದಿಸುವುದೇ ಜಾಸ್ತಿ. ಹೊಂದಿಸಬೇಕೆಂದರೆ ಎದುರಿಗೆ ಕೂತವರ ಮಾತು ಕೇಳಲೇಬೇಕು.

ಕೃತಕ ಕೈ, ಕಾಲಿನ ಕೆಲಸ ಪ್ರಾಸ್ಥೆಟಿಕ್ಸ್. ಇರುವ ಅಂಗಕ್ಕೇ ಆಸರೆ ಕೊಡುವ ಬ್ರೇಸ್, ಕ್ಯಾಲಿಪರ್, ಸ್ಪ್ಲಿಂಟ್, ಇನ್‌ಸೋಲ್ ಎಲ್ಲ ಆರ್ಥೋಟಿಕ್ಸ್. ಹೊರಗಿನವರು ನಮ್ಮನ್ನು ‘ಕಾಲು ಮಾಡುವವರು’ ಅನ್ನುತ್ತಾರೆ. ಆದರೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಆರ್ಥೋಸಿಸ್, ಅಂದರೆ ಇಂಥ ಆಸರೆಯ ಸಾಧನ. ಪಾರ್ಶ್ವವಾಯು ಆಗಿ ಪಾದ ಎತ್ತಲಾಗದವರು, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರು, ಬೆನ್ನುಮೂಳೆ ಮುರಿದವರು, ಮಿದುಳಿನ ತೊಂದರೆಯಿಂದ ಕೈಕಾಲಿನ ಹತೋಟಿ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು.

ಆದರೂ ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಕೆಲಸದ ಜೀವ ಇರುವುದು ಅಲ್ಲೇ. ಮಂಡಿಯ ಕೆಳಗೆ ಕಾಲು ಹೋದವರು ಬಂದರು ಅಂದುಕೊಳ್ಳಿ. ಉಳಿದ ಭಾಗವನ್ನು ಸ್ಟಂಪ್ ಅನ್ನುತ್ತೇವೆ. ಅದಕ್ಕೆ ತೆಳು ಬಟ್ಟೆಯ ಚೀಲ ತೊಡಿಸಿ, ಮೂಳೆ ಎದ್ದು ಕಾಣುವ ಜಾಗಗಳನ್ನು ಕಾಪಿಯಿಂಗ್ ಪೆನ್ಸಿಲ್‌ನಿಂದ ಗುರುತು ಮಾಡುತ್ತೇವೆ. ಮೇಲೆ ಒದ್ದೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿದಾಗ ಆ ಗುರುತು ಪ್ಲಾಸ್ಟರಿನ ಒಳಮೈಗೆ ಅಂಟುತ್ತದೆ. ಅದರೊಳಗೆ ಪ್ಲಾಸ್ಟರ್ ಕಲಸಿ ಸುರಿದರೆ ಅಚ್ಚಿನ ಮೇಲೂ ಮೂಡುತ್ತದೆ. ಇಷ್ಟು ಯಾರಾದರೂ ಬೇಗ ಕಲಿಯಬಹುದು. ಸಾಕೆಟ್ ರೂಪ ಪಡೆಯುವುದು ಈ ಅಚ್ಚಿನ ಮೇಲೆ, ಕಷ್ಟ ಇರುವುದು ಅದನ್ನು ತಿದ್ದುವುದರಲ್ಲಿ. ಮಂಡಿಚಿಪ್ಪಿನ ಕೆಳಗಿನ ಜಾಗ ಭಾರ ತಡೆಯುತ್ತದೆ, ಅಲ್ಲಿ ಕೆರೆದು ತೆಗೆಯುತ್ತೇವೆ. ಮೂಳೆ ಕತ್ತರಿಸಿದ ತುದಿ, ಹೊರಬದಿಯ ಸಣ್ಣ ಮೂಳೆಯ ತಲೆ ಭಾರ ತಡೆಯುವುದಿಲ್ಲ, ಅಲ್ಲಿ ಪ್ಲಾಸ್ಟರ್ ಹಚ್ಚಿ ಉಬ್ಬಿಸುತ್ತೇವೆ. ಎಲ್ಲವೂ ಮಿಲಿಮೀಟರ್ ಲೆಕ್ಕ. ಈಗ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೇ ತಿದ್ದುವ ದಾರಿಯೂ ಇದೆ, ಒಳ್ಳೆಯದೇ. ಆದರೆ ಸ್ಕ್ಯಾನರಿಗೆ ಮೇಲ್ಮೈ ಮಾತ್ರ ಕಾಣುತ್ತದೆ. ಯಾವ ಜಾಗ ಮೆತ್ತಗಿದೆ, ಎಲ್ಲಿ ಮುಟ್ಟಿದರೆ ಅವರು ಕಾಲು ಹಿಂದಕ್ಕೆಳೆಯುತ್ತಾರೆ ಅನ್ನುವುದು ಕೈಗೇ ಗೊತ್ತಾಗಬೇಕು.

ಇಷ್ಟೆಲ್ಲ ಮಾಡಿ ಚೆನ್ನಾಗಿ ಕೂತ ಸಾಕೆಟ್ ಕೆಲವು ತಿಂಗಳಲ್ಲಿ ಸಡಿಲ ಆಗುತ್ತದೆ. ಆಪರೇಷನ್ ಆದ ಮೊದಲ ವರ್ಷ ಬಾವು ಇಳಿದು, ಸ್ನಾಯು ಕರಗಿ, ಸ್ಟಂಪ್ ಸಣ್ಣದಾಗುತ್ತಾ ಹೋಗುತ್ತದೆ. ಒಂದೇ ದಿನದಲ್ಲೂ ಬೆಳಿಗ್ಗೆಯ ಅಳತೆ ಸಂಜೆಗೆ ಇರುವುದಿಲ್ಲ. ಅದಕ್ಕೇ ಸ್ಟಂಪಿಗೆ ಹಾಕುವ ದಪ್ಪ, ತೆಳು ಸಾಕ್ಸ್ ಕೊಟ್ಟು, ಯಾವಾಗ ಎಷ್ಟು ಹಾಕಬೇಕು ಎಂದು ಕಲಿಸುತ್ತೇವೆ. ಸಂಜೆ ಹೊತ್ತಿಗೆ ಸ್ಟಂಪಿನ ತುದಿ ನೋಯುತ್ತಿದೆ ಎಂದರೆ ನಾನು ಮೊದಲು ಕೇಳುವುದು ‘ಎಷ್ಟು ಸಾಕ್ಸ್ ಹಾಕಿದ್ದೀರಿ?’ ಅಂತ. ಎಷ್ಟೋ ಸಲ ಇನ್ನೊಂದು ಸಾಕ್ಸ್ ಹಾಕಿದರೆ ಸಾಕು, ಕಾಲು ಒಳಗೆ ಜಾರುವುದು ನಿಂತು ನೋವು ಹೋಗುತ್ತದೆ. ಸಾಕ್ಸ್ ಮೇಲೆ ಸಾಕ್ಸ್ ಸೇರುತ್ತಾ ಹೋದರೆ ಹೊಸ ಸಾಕೆಟ್ ಬೇಕು ಎಂದೇ ಅರ್ಥ.

ಶುರುವಿನಲ್ಲಿ ನಾನು ಮಾಡಿದ ಒಂದು ತಪ್ಪು ಈಗಲೂ ಮನಸ್ಸಿನಲ್ಲಿದೆ. ಪಾರ್ಶ್ವವಾಯು ಆದ ಒಬ್ಬ ಹಿರಿಯರಿಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಆರ್ಥೋಸಿಸ್ ಮಾಡಿಕೊಟ್ಟೆ. ಅಳತೆ ಸರಿ, ನಡಿಗೆಯೂ ಸುಧಾರಿಸಿತು. ತಿಂಗಳ ನಂತರ ಬಂದಾಗ ಅದು ಹೊಸದರ ಹಾಗೇ ಇತ್ತು. ಯಾಕೆ ಹಾಕಲಿಲ್ಲ ಎಂದರೆ ಸುಮ್ನೆ ಕೂತರು. ಆಮೇಲೆ ಅವರ ಮಗಳು ಹೇಳಿದರು, ‘ಅಪ್ಪನಿಗೆ ಒಂದು ಕೈ ಆಡೋದಿಲ್ಲ ಅಲ್ವಾ, ಬೆಲ್ಟ್ ಹಾಕೋಕೆ ಆಗ್ತಿಲ್ಲ. ದಿನಾ ನನ್ನ ಕರೆಯೋಕೆ ಅವರಿಗೆ ಮನಸ್ಸಿಲ್ಲ.’ ನಾನು ಕಾಲು ನೋಡಿದ್ದೆ, ಕೈ ನೋಡಿರಲಿಲ್ಲ. ಬೆಲ್ಟಿನ ದಿಕ್ಕು ಬದಲಿಸಿ, ತುದಿಗೆ ದೊಡ್ಡ ಕುಣಿಕೆ ಹಾಕಿದೆ. ಅರ್ಧ ಗಂಟೆಯ ಕೆಲಸ. ಅಂದಿನಿಂದ ಅವರವರ ಕೈಯಲ್ಲೇ ಹಾಕಿಸಿ, ತೆಗೆಸಿ ನೋಡದೆ ಯಾರನ್ನೂ ಕಳಿಸುವುದಿಲ್ಲ.

ಆರ್ಥೋಸಿಸ್ ಎಷ್ಟೇ ಚೆನ್ನಾಗಿರಲಿ, ಹಾಕಿಕೊಂಡರೆ ಮಾತ್ರ ಫಲ. ಬೆನ್ನುಮೂಳೆ ಓರೆಯಾದ ಹದಿಹರೆಯದವರ ಬಗ್ಗೆ 2013ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬ್ರೇಸ್ ಒಳಗೆ ಉಷ್ಣತೆ ಅಳೆಯುವ ಸಣ್ಣ ಸಾಧನ ಇಟ್ಟು, ಎಷ್ಟು ಹೊತ್ತು ಹಾಕಿದ್ದಾರೆ ಎಂದು ನೋಡಿದರು. ದಿನಕ್ಕೆ ಸುಮಾರು 13 ಗಂಟೆಗಿಂತ ಜಾಸ್ತಿ ಹಾಕಿದವರಲ್ಲಿ 10ಕ್ಕೆ 9 ಮಂದಿಯ ವಕ್ರತೆ ಆಪರೇಷನ್ ಹಂತ ಮುಟ್ಟಲಿಲ್ಲ. ಹುಟ್ಟಿನಿಂದ ಪಾದ ಒಳಕ್ಕೆ ತಿರುಗಿದ ಕೂಸುಗಳಿಗೂ ಹಾಗೇ. ಪ್ಲಾಸ್ಟರ್ ಹಾಕುತ್ತಾ ಪಾದವನ್ನು ಮೆಲ್ಲಗೆ ತಿರುಗಿಸುವ ಪೊನ್ಸೆಟಿ ವಿಧಾನದಲ್ಲಿ ಪಾದ ನೇರ ಆದ ಮೇಲೆ ಬೂಟು-ಪಟ್ಟಿಯನ್ನು (ಪಟ್ಟಿಯಿಂದ ಜೋಡಿಸಿದ ಎರಡು ಬೂಟು) ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಗುವಿಗೆ 4 ವರ್ಷ ಆಗುವ ತನಕ ಮಲಗುವಾಗ ಹಾಕಬೇಕು. ಕೂಸು ಅಳುತ್ತದೆ, ಅಮ್ಮನ ಕರುಳು ಕಿತ್ತು ಬರುತ್ತದೆ, ಬಿಚ್ಚಿಬಿಡುತ್ತಾರೆ. ಪಾದ ಮತ್ತೆ ತಿರುಗುತ್ತದೆ. ಅಂಥ ಅಮ್ಮನನ್ನು ಬೈಯಬಾರದು. ಬೂಟು ಎಲ್ಲಿ ಒತ್ತುತ್ತಿದೆ ಎಂದು ಅವರ ಜೊತೆಯೇ ಕೂತು ಹುಡುಕಬೇಕು.

ಕಾಲು ತೆಗೆಯುವ ಮುಂಚೆಯೇ ವಾರ್ಡಿಗೆ ಕರೆ ಬರುವುದೂ ಉಂಟು. ‘ಮತ್ತೆ ನಡೆಯುತ್ತೇನಾ?’ ಎಂದು ಕೇಳುತ್ತಾರೆ. ಹೃದಯ, ಇನ್ನೊಂದು ಕಾಲು, ಮಂಡಿ ಉಳಿಯುತ್ತದೆಯೋ ಇಲ್ಲವೋ, ಎಲ್ಲ ನೋಡಿಯೇ ಉತ್ತರ ಹೇಳಬೇಕು. ಸುಳ್ಳು ಭರವಸೆ ಕೊಡಬೇಡಿ. ಆಪರೇಷನ್ ಆದ ಮೇಲೆ ಕೆಲವರು ಮೆಲ್ಲಗೆ ‘ಇಲ್ಲದ ಬೆರಳು ತುರಿಸುತ್ತದೆ, ನನಗೆ ತಲೆ ಕೆಟ್ಟಿತಾ?’ ಅನ್ನುತ್ತಾರೆ. ಸೈಲಾಸ್ ವೈರ್ ಮಿಚೆಲ್ ಎಂಬ ವೈದ್ಯರು 1871ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಎಷ್ಟೋ ಜನರಿಗೆ ಹೀಗಾಗುತ್ತದೆ ಎಂದು ಹೇಳಿದಾಗ ಅವರ ಮುಖ ಸಡಿಲ ಆಗುವುದನ್ನು ನೋಡಬೇಕು.

ಧೂಳು, ಓವನ್ ಬಿಸಿ, ದಿನವಿಡೀ ನಿಲ್ಲುವುದು, ಇವೆಲ್ಲ ಇವೆ. ಅಭ್ಯಾಸ ಆಗುತ್ತದೆ.

ಕೋರ್ಸ್ ಸೇರುವ ಮುಂಚೆ ಯಾವುದಾದರೂ ಆಸ್ಪತ್ರೆಯ ವಿಭಾಗದಲ್ಲಿ ಅನುಮತಿ ಕೇಳಿ ಒಂದು ದಿನ ಕೂತು ನೋಡಿ. ಹೊಸ ಕಾಲು ಕೊಡುವ ದಿನ ಬೇಡ, ಅಂದು ಎಲ್ಲರೂ ನಗುತ್ತಿರುತ್ತಾರೆ. ಹಳೆಯ ರೋಗಿಗಳು ನೋವು, ಗುಳ್ಳೆ, ಸಡಿಲ ಎಂದು ವಾಪಸ್ ಬರುವ ದಿನ ಹೋಗಿ. ಒಬ್ಬರು ಸಾಕೆಟ್ ಬಿಚ್ಚಿ ಕೆಂಪಾದ ಜಾಗ ತೋರಿಸುವಾಗ, ಅದು ಯಾಕಾಯಿತು ಎಂದು ತಿಳಿಯುವ ಆಸೆ ನಿಮಗೆ ಬಂದರೆ, ಧೈರ್ಯವಾಗಿ ಸೇರಿ.