ಬಾಟಲಿಯೋ, ಕೆಗ್ಗೋ?

ಪ್ರಶ್ನೆ: ಸರ್, ನನ್ನ ತಮ್ಮ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಬಾಡಿಗೆ ಫ್ಲಾಟಿನಲ್ಲಿ ಸ್ಟೌಟ್ ಅನ್ನುವ ಕಪ್ಪು ಬಿಯರ್ ಮಾಡುವ ಹುಚ್ಚು ಹತ್ತಿದೆ. ಎರಡು ಮೂರು ತಿಂಗಳಿಗೊಮ್ಮೆ 19 ಲೀಟರ್ ಮಾಡಿ, ಸ್ನೇಹಿತರಿಗೂ ಹಂಚುತ್ತಾನೆ. ಈಗ ಬಾಟಲಿ ತೊಳೆದು ಸಾಕಾಗಿದೆಯಂತೆ. ಕೆಗ್ ಅಂತ ನಲ್ಲಿ ಜೋಡಿಸುವ ಸ್ಟೀಲ್ ಪೀಪಾಯಿ ತಗೊಂಡರೆ ಪಬ್ಬಿನ ಹಾಗೆ ಕೆನೆಯಂಥ ನೊರೆ ಬರುತ್ತೆ ಅನ್ನುತ್ತಾನೆ. ಖರ್ಚು ಕೇಳಿ ಎದೆ ಧಸಕ್ಕೆಂದಿತು. ನೀವು ಸೋಡಾ ಕಾರ್ಖಾನೆಯಲ್ಲಿ ಇದ್ದವರು, ಯಾವುದು ಒಳ್ಳೆಯದು ಹೇಳಿ. ಇನ್ನೊಂದು, ರಜಕ್ಕೆ ಬಂದಾಗ ಇಲ್ಲಿಂದ ಅಚ್ಚುಬೆಲ್ಲ ಒಯ್ದಿದ್ದಾನೆ. ಗ್ಯಾಸ್ ಬರಲಿ ಅಂತ ಬಾಟಲಿಗೆ ಹಾಕುವ ಸಕ್ಕರೆ ಬದಲು ಅದನ್ನು ಹಾಕಬಹುದಾ? ಅಪ್ಪನಿಗೆ ವಿಷಯ ಗೊತ್ತಿಲ್ಲ, ಹೆಸರು ಹಾಕಬೇಡಿ.
— ಹೆಸರು ಬೇಡ, ಮಂಡ್ಯ

ಉತ್ತರ: ಹೆಸರು ಹಾಕಿಲ್ಲ. ಆದರೆ ಅಪ್ಪ ಈ ಪುಟ ಓದುವವರಾದರೆ ಲೀಡ್ಸ್, ಅಚ್ಚುಬೆಲ್ಲ ಎರಡನ್ನೂ ಕೂಡಿಸಿ ಹಿಡಿದುಬಿಡುತ್ತಾರೆ. ಅದಕ್ಕೆ ನಾನು ಹೊಣೆ ಅಲ್ಲ.

ಮೊದಲು ಆ ನೊರೆಯ ವಿಷಯ. ಕೆಗ್ ತಂದ ಮಾತ್ರಕ್ಕೆ ಪಬ್ಬಿನ ಕೆನೆ ಬರುವುದಿಲ್ಲ. ಅದು ನೈಟ್ರೋಜನ್ ಮಾಡುವ ಕೆಲಸ. ಸ್ಟೌಟಿಗೆ ಹೆಸರಾದ ಗಿನ್ನೆಸ್ ಕಂಪನಿಯಲ್ಲಿ ಮೈಕೆಲ್ ಆಶ್ ಅಂತ ಒಬ್ಬರಿದ್ದರು, ಓದಿದ್ದು ಗಣಿತ. ನೈಟ್ರೋಜನ್ ಸೇರಿಸಿ ಸ್ಟೌಟ್ ಸುರಿಯುವ ವಿಧಾನ ಅವರ ಮುಂದಾಳತ್ವದಲ್ಲಿ ತಯಾರಾಗಿ 1959ರಲ್ಲಿ ಬಳಕೆಗೆ ಬಂತು. ಈ ಗ್ಯಾಸು ಬಿಯರಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ಸುಮಾರು ಮುಕ್ಕಾಲು ಪಾಲು ನೈಟ್ರೋಜನ್, ಕಾಲು ಪಾಲು ಕಾರ್ಬನ್ ಡೈ ಆಕ್ಸೈಡ್ ಬೆರೆಸಿ, 30ರಿಂದ 35 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಕೊಡುತ್ತಾರೆ. ನಲ್ಲಿಯೊಳಗೆ ಸೂಜಿ ತೂತುಗಳ ಒಂದು ಬಿಲ್ಲೆ ಇರುತ್ತದೆ. ಅದರಲ್ಲಿ ನುಗ್ಗಿ ಬರುವಾಗ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದೇ ಕೆನೆ. ಅಂದರೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್, ಬೇರೆ ನಲ್ಲಿ. ನಿಮ್ಮ ತಮ್ಮ ಹೇಳಿದ ಖರ್ಚಿನಲ್ಲಿ ಇದೆಲ್ಲ ಸೇರಿದೆಯಾ ಕೇಳಿ. ಸೇರಿಲ್ಲ ಅಂತ ನನ್ನ ಅನುಮಾನ.

ಕೆಗ್ಗನ್ನು ನಾನು ದೂರುತ್ತಿಲ್ಲ. ತೊಳೆಯುವುದು ಒಂದೇ ಪಾತ್ರೆ. ಗ್ಯಾಸ್ ಕಮ್ಮಿ ಜಾಸ್ತಿ ಮಾಡಬಹುದು. ತುಂಬುವ ಮೊದಲು ಒಳಗಿನ ಗಾಳಿಯನ್ನು ಗ್ಯಾಸಿನಿಂದ ಹೊರಗೆ ತಳ್ಳಿದರೆ ಬಿಯರಿಗೆ ಆಕ್ಸಿಜನ್ ತಾಗುವುದಿಲ್ಲ, ಹಳಸಲು ರಟ್ಟಿನ ರುಚಿ ಬರುವುದಿಲ್ಲ. ಆದರೆ ಕೆಗ್ ಹಿಡಿಸುವಷ್ಟು ದೊಡ್ಡ ಫ್ರಿಜ್ ಬೇಕು. ಬಾಡಿಗೆ ಫ್ಲಾಟಿನಲ್ಲಿ ಎಲ್ಲಿಡುತ್ತಾನೆ? ಒಂದು ವಾಷರ್ ಸಡಿಲವಿದ್ದರೆ ರಾತ್ರೋರಾತ್ರಿ ಸಿಲಿಂಡರ್ ಖಾಲಿ. ಪ್ರತಿ ಕೂಡಿಗೆಗೂ ಸೋಪಿನ ನೀರು ಹಚ್ಚಿ ನೋಡಬೇಕು. ಸೋರಿದ ಕಾರ್ಬನ್ ಡೈ ಆಕ್ಸೈಡ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ಸಿಲಿಂಡರ್ ಇಟ್ಟು ಮಲಗುವುದು ಜೀವಕ್ಕೇ ಅಪಾಯ.

ಸೆಕೆಂಡ್ ಹ್ಯಾಂಡ್ ಕೆಗ್ ಅಗ್ಗಕ್ಕೆ ಸಿಗುತ್ತೆ ಅಂದರೆ ಇನ್ನೊಂದು ಮಾತು. ಈ 19 ಲೀಟರ್ ಕೆಗ್ಗುಗಳು ಮೂಲದಲ್ಲಿ ತಂಪು ಪಾನೀಯದ ಸಿರಪ್ ತುಂಬಲು ಮಾಡಿದವು. ರಬ್ಬರ್ ರಿಂಗುಗಳನ್ನೆಲ್ಲ ಬದಲಿಸದಿದ್ದರೆ ಸ್ಟೌಟಿನಲ್ಲಿ ಕೋಲಾ ವಾಸನೆ ಬರುತ್ತದೆ. ಆ ವಾಸನೆ ರಬ್ಬರಿಗೆ ಹಿಡಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಈಗ ಬಾಟಲಿ. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ. ಮೈಸೂರಿನ ಮೇಟಗಳ್ಳಿ ಕಡೆಯ ನಮ್ಮ ಕಾರ್ಖಾನೆಯಲ್ಲಿ ತೊಳೆದ ಬಾಟಲಿಗಳು ಒಂದು ಬಿಳಿ ದೀಪದ ಮುಂದೆ ಸಾಲಾಗಿ ಹಾಯುತ್ತಿದ್ದವು. ಅಲ್ಲಿ ಕೂತವರ ಕೆಲಸ ಒಂದೇ, ತಳ ನೋಡುವುದು. ಮನೆಯಲ್ಲೂ ಅಷ್ಟೇ. ಬಾಟಲಿಯನ್ನು ಬಲ್ಬಿಗೆ ಹಿಡಿದು ಬಾಯಿಯಿಂದ ಒಳಗೆ ನೋಡಲಿ. ತಳದ ಮೂಲೆಯಲ್ಲಿ ತೆಳ್ಳಗೆ, ಬೂದು ಬಣ್ಣದ ಒಂದು ಬಳೆ ಕಾಣುತ್ತದೆ. ಅದು ಒಣಗಿದ ಯೀಸ್ಟ್. ಅದರಡಿ ಯಾವ ಕ್ರಿಮಿ ಕೂತಿದ್ದರೂ ಸ್ಯಾನಿಟೈಸರ್ ತಾಗುವುದಿಲ್ಲ. ಕುಡಿದ ತಕ್ಷಣ ಎರಡು ಸಲ ನೀರು ಕುಲುಕಿ ಚೆಲ್ಲಿದರೆ ಈ ಬಳೆ ಕಟ್ಟುವುದೇ ಇಲ್ಲ. ಮಾರನೇ ದಿನಕ್ಕೆ ಬಿಟ್ಟರೆ ಬ್ರಷ್ಷು, ಬಿಸಿನೀರು, ಬೈಗುಳ ಎಲ್ಲ ಬೇಕು. ನಿಮ್ಮ ತಮ್ಮನಿಗೆ ಸಾಕಾಗಿರುವುದು ಬಾಟಲಿ ಅಲ್ಲ, ಮಾರನೇ ದಿನದ ಬಾಟಲಿ.

ಇನ್ನು ಗ್ಯಾಸು. ಗೋಲಿ ಸೋಡಾಕ್ಕೆ ಗ್ಯಾಸನ್ನು ಹೊರಗಿನಿಂದ ತುಂಬುತ್ತಾರೆ, ಸಾಕಾದಾಗ ನಿಲ್ಲಿಸುತ್ತಾರೆ. ಇಲ್ಲಿ ಮುಚ್ಚಳ ಹಾಕಿದ ಮೇಲೆ ಒಳಗಿರುವ ಯೀಸ್ಟೇ ಸಕ್ಕರೆ ತಿಂದು ಗ್ಯಾಸ್ ಮಾಡುತ್ತದೆ. ನಿಲ್ಲಿಸುವುದು ನಮ್ಮ ಕೈಲಿಲ್ಲ, ಅದಕ್ಕೇ ಅಳತೆ ಮುಖ್ಯ. ಸ್ಟೌಟಿಗೆ ಜಾಸ್ತಿ ಗ್ಯಾಸ್ ಚೆನ್ನಲ್ಲ. 20 ಡಿಗ್ರಿ ಹತ್ತಿರ ಹುದುಗಿದ ಬಿಯರಿಗೆ ಲೀಟರಿಗೆ 5 ಗ್ರಾಂ ಸಕ್ಕರೆ ಸಾಕು, 19 ಲೀಟರಿಗೆ 95 ಗ್ರಾಂ. ಒಂದು ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಶುದ್ಧ ಮಾಡಿದ ಪಾತ್ರೆಯ ತಳಕ್ಕೆ ಹಾಕಿ, ಮೇಲೆ ಬಿಯರನ್ನು ಪೈಪಿನಿಂದ ಸದ್ದಿಲ್ಲದೆ ಇಳಿಸಬೇಕು. ಬಾಟಲಿಗೊಂದು ಚಮಚ ಅಂತ ಹಾಕಿದರೆ ಒಂದರಲ್ಲಿ ಸಪ್ಪೆ, ಇನ್ನೊಂದರಲ್ಲಿ ಫಿರಂಗಿ.

ಬೆಲ್ಲದ ಪ್ರಶ್ನೆ ಬರುವುದು ಇಲ್ಲೇ. ಸಕ್ಕರೆ ಎಲ್ಲಿ ಕೊಂಡರೂ ಹೆಚ್ಚುಕಮ್ಮಿ ಪೂರ್ತಿ ಸಕ್ಕರೆಯೇ. ಬೆಲ್ಲ ಹಾಗಲ್ಲ. ಒಂದೊಂದು ಆಲೆಮನೆಯದು ಒಂದೊಂದು ಥರ. ನೀರಿನಂಶ ಬೇರೆ, ಕೊಳೆ ತೆಗೆದ ರೀತಿ ಬೇರೆ, ಅದೇ ಅಚ್ಚು ಮಳೆಗಾಲದಲ್ಲಿ ಬೆವರುತ್ತದೆ. 95 ಗ್ರಾಂ ಬೆಲ್ಲದಲ್ಲಿ ಯೀಸ್ಟಿಗೆ ಸಿಗುವ ಸಕ್ಕರೆ ಎಷ್ಟು ಅಂತ ತಕ್ಕಡಿ ಹೇಳುವುದಿಲ್ಲ. ಮಂಡ್ಯದ ಬೆಲ್ಲ ಹಾಳು ಮಾಡಬೇಡಿ, ಅದನ್ನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸ ಕುದಿಸುವಾಗಲೇ ಹಾಕಲಿ. 19 ಲೀಟರಿಗೆ ಕಾಲು ಕೆಜಿ ಮೀರದಿರಲಿ, ಜಾಸ್ತಿಯಾದರೆ ಬಿಯರು ನೀರುನೀರಾಗುತ್ತದೆ. ಹುರಿದ ಬಾರ್ಲಿಯ ಕಹಿಗೆ ಬೆಲ್ಲದ ಘಮ ಚೆನ್ನಾಗಿ ಹೊಂದುತ್ತದೆ. ಬಾಟಲಿಗೆ ಮಾತ್ರ ಸಕ್ಕರೆಯೇ ಇರಲಿ.

ಬಾಟಲಿ ಸಿಡಿಯುವುದು ಬಹುಪಾಲು ಆತುರದಿಂದ. ಹುದುಗು ಮುಗಿಯಿತು ಅಂತ ಕಣ್ಣಳತೆಯಲ್ಲಿ ಹೇಳಬಾರದು. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟು ಅಂಕಿ ಬರೆದುಕೊಳ್ಳಲಿ, ಮೂರು ದಿನ ಬಿಟ್ಟು ಮತ್ತೆ ನೋಡಲಿ. 1.014 ಇದ್ದದ್ದು 1.014 ಆಗಿಯೇ ಇದ್ದರೆ ತುಂಬಬಹುದು. 1.012ಕ್ಕೆ ಇಳಿದಿದ್ದರೆ ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿದೆ ಅಂತ, ಕಾಯಬೇಕು. ಗಾಜಿನ ಬಾಟಲಿಗಳ ಜೊತೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿ ಇಡಲಿ. ಒತ್ತಿದರೆ ಕಲ್ಲಿನಂತೆ ಗಟ್ಟಿ ಇದೆಯಾ? ಉಳಿದವೂ ತಯಾರು ಅಂತ ಲೆಕ್ಕ. 20 ಡಿಗ್ರಿಯಲ್ಲಿ ಎರಡು ವಾರ ಬೇಕು, ಲೀಡ್ಸ್‌ನ ಚಳಿಗಾಲದಲ್ಲಿ ಇನ್ನೂ ತಡ. ಅಲ್ಲಿಯವರೆಗೆ ಮುಚ್ಚಳ ಇರುವ ಪೆಟ್ಟಿಗೆಯಲ್ಲಿರಲಿ.

ಹಾಗಾಗಿ ನನ್ನ ಮಾತು: ಹಂಚುವವನಿಗೆ ಬಾಟಲಿ. ಕೆಗ್ಗನ್ನು ಚೀಲದಲ್ಲಿ ಹಾಕಿಕೊಂಡು ಸ್ನೇಹಿತನ ಮನೆಗೆ ಹೋಗಲಾಗುವುದಿಲ್ಲ, ಅಲ್ವಾ? ಚಿಕ್ಕ ಬಾಟಲಿ ಬಿಟ್ಟು ಅರ್ಧ ಲೀಟರಿನವು ತಗೊಂಡರೆ 38ರಲ್ಲಿ ಕೆಲಸ ಮುಗಿಯುತ್ತದೆ. ಸ್ವಂತ ಮನೆ, ಮೂಲೆಯಲ್ಲೊಂದು ಹಳೆ ಫ್ರಿಜ್, ತಿಂಗಳಿಗೊಂದು ಸಲ ಬಿಯರ್ ಅನ್ನುವ ಹಾಗಾದಾಗ ಕೆಗ್ ಕೊಳ್ಳಲಿ, ನಾನೇ ಕೊಳ್ಳು ಅಂತೀನಿ.

ಪ್ರಶ್ನೆ: ಇದನ್ನೆಲ್ಲ ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಮಾಡಬಹುದಾ?
— ಓದುಗರು, ಕುವೆಂಪುನಗರ

ಉತ್ತರ: ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವ ಹಾಗಿಲ್ಲ, ಸ್ವಂತಕ್ಕೆ ಅಂದರೂ ಅಷ್ಟೇ. ಇಂಗ್ಲೆಂಡಿನಲ್ಲಿ ಮನೆ ಬಿಯರಿಗೂ ಲೈಸೆನ್ಸ್ ಬೇಕಿತ್ತು, 1963ರಲ್ಲಿ ತೆಗೆದರು. ಅಲ್ಲೂ ಮಾರುವಂತಿಲ್ಲ. ಸುಮ್ನೆ ತೊಂದರೆ ಯಾಕೆ, ನಿಂಬೆ ಸೋಡಾ ಕುಡಿಯಿರಿ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಅಳಿಯಂದಿರು ಕೆಗ್ ಕೊಂಡಿದ್ದಾರೆ. ನಲ್ಲಿ ತಿರುಗಿಸಿದರೆ ಲೋಟದ ತುಂಬ ಬರೀ ನೊರೆ. ಯಾಕೆ?
— ಓದುಗರು, ಸರಸ್ವತಿಪುರಂ

ಉತ್ತರ: ಪೈಪ್ ಗಿಡ್ಡ ಇರಬೇಕು. 5 ಮಿಲಿಮೀಟರ್ ಒಳಅಗಲದ ಪೈಪು ಎರಡೂವರೆ, ಮೂರು ಮೀಟರ್ ಇರಲಿ, ಸುರುಳಿ ಸುತ್ತಿ ಫ್ರಿಜ್ ಒಳಗೇ ಇಡಲಿ. ನೈಟ್ರೋಜನ್ ಇಲ್ಲದ ಮಾಮೂಲಿ ಕೆಗ್ಗಿಗೆ ಒತ್ತಡ 8ರಿಂದ 10 ಪಿಎಸ್‌ಐ ಸಾಕು. ನಲ್ಲಿಯನ್ನು ಅರ್ಧ ತೆರೆದರೆ ನೊರೆ ಇನ್ನೂ ಜಾಸ್ತಿ, ಒಂದೇ ಸಲಕ್ಕೆ ಪೂರ್ತಿ ತೆರೆಯಬೇಕು. ಇಷ್ಟೆಲ್ಲ ಮಾಡಿದರೂ ದಿನದ ಮೊದಲ ಲೋಟದಲ್ಲಿ ನೊರೆ ಜಾಸ್ತಿಯೇ. ನಲ್ಲಿ ಬೆಚ್ಚಗಿರುತ್ತದೆ, ಅದಕ್ಕೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಹೇಳಿ.