ವಿದ್ಯಾರ್ಥಿಗಳು ಜಾಗತಿಕ ಸಮಸ್ಯೆಗಳ ಮೇಲೆ ಮಾಡುವ ಸಂಶೋಧನೆಯಿಂದ ಏನಾದರೂ ಬದಲಾಗುತ್ತದೆಯೇ?

ಪ್ರಾಜೆಕ್ಟ್ ಕೊನೆಗೆ ಫೈಲಿನಲ್ಲೇ ಉಳಿಯುತ್ತದಲ್ಲವೇ ಎಂದು ಕೇಳಿದ್ದೀರಿ. ಹಾಗೇನಿಲ್ಲ, ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ವನುವಾಟುವಿನ ಈ ಕತೆ ನೋಡಿ.

2019ರಲ್ಲಿ ಅಲ್ಲಿನ ಪೋರ್ಟ್ ವಿಲಾದಲ್ಲಿ, ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಒಂದು ಪ್ರಶ್ನೆ ಹಿಡಿದು ಕೂತರು: ಕಡಲು ಏರಿ ನಮ್ಮ ದ್ವೀಪಗಳು ಮುಳುಗುವಂತಾದರೆ, ಹೊಗೆ ಉಗುಳಿದ ದೇಶಗಳಿಗೆ ಕಾನೂನಿನಲ್ಲಿ ಹೊಣೆ ಇಲ್ಲವೇ? ಇದನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಕೇಳೋಣ ಎಂದು ಪೆಸಿಫಿಕ್ ನಾಯಕರಿಗೆ ಪತ್ರ ಬರೆದರು. ವನುವಾಟು ಸರ್ಕಾರ ಕೈಗೆತ್ತಿಕೊಂಡಿತು.

ಆದರೆ ಇಂಥ ಪ್ರಶ್ನೆಗೆ ನ್ಯಾಯಾಲಯ ಕೊಡುವ ಉತ್ತರವನ್ನು, ಅಂದರೆ ಕಾನೂನು ಏನು ಹೇಳುತ್ತದೆಂಬ ಸಲಹಾ ಅಭಿಪ್ರಾಯವನ್ನು, ಒಂದು ದೇಶ ತಾನೇ ಹೋಗಿ ಕೇಳುವಂತಿಲ್ಲ, ವಿಶ್ವಸಂಸ್ಥೆಯ ಮೂಲಕವೇ ಕೇಳಬೇಕು. ಹಾಗಾಗಿ ದೇಶದಿಂದ ದೇಶಕ್ಕೆ ಬೆಂಬಲ ಕೂಡಿಸುತ್ತಾ ಹೋದರು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ನ್ಯಾಯಾಲಯದ ಅಭಿಪ್ರಾಯ ಕೇಳುವ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದರೆ ಪರಿಹಾರ ಕೊಡಬೇಕಾಗಿಯೂ ಬರಬಹುದು. ಈ ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ, ನಿಜ. ಆದರೂ ತರಗತಿಯ ಪ್ರಶ್ನೆಯೊಂದು ಅಷ್ಟು ದೂರ ಹೋಯಿತಲ್ಲ, ನನಗೆ ಅದು ದೊಡ್ಡದು.

ನೀವೂ ‘ಹವಾಮಾನ ಬದಲಾವಣೆ’ ಎಂದು ಇಡೀ ಬೆಟ್ಟ ಹೊರಬೇಡಿ. ಯಾರನ್ನು ಕೇಳಿದರೆ ಉತ್ತರ ಸಿಗುತ್ತದೆಂದು ಗೊತ್ತಿರುವ ಒಂದೇ ಪ್ರಶ್ನೆ ಆರಿಸಿಕೊಳ್ಳಿ.